ಪಾಕ ನೋಡುವ ಕೈ

ಕೊಪ್ಪದ ಸುತ್ತಮುತ್ತ ಮರಿಸಿದ್ದಯ್ಯನವರ ಕೈಯ ಬಗ್ಗೆ ಕೊಚ್ಚಿಕೊಳ್ಳದವರೇ ಇರಲಿಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾದು ಕಾದು ಗಟ್ಟಿಯಾಗಿ, ಪೊಟಪೊಟನೆ ಗುಳ್ಳೆ ಒಡೆಯುವ ಹೊತ್ತಿಗೆ ಬೆಲ್ಲಕ್ಕೆ ಹದ ಬಂತೋ ಇಲ್ಲವೋ ಅಂತ ನೋಡಬೇಕು. ಅದಕ್ಕೆ ಪಾಕ ನೋಡುವುದು ಅನ್ನುತ್ತಾರೆ. ಬೇರೆಯವರು ಕೋಲಿನ ತುದಿಯಲ್ಲಿ ಒಂದಿಷ್ಟು ಎತ್ತಿ, ತಣ್ಣೀರಿಗೆ ಬಿಟ್ಟು, ಆಮೇಲೆ ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಮರಿಸಿದ್ದಯ್ಯನವರಿಗೆ ಕೋಲು ಬೇಕಿರಲಿಲ್ಲ. ಬಲಗೈ ಬೆರಳುಗಳನ್ನು ನೀರಲ್ಲಿ ಅದ್ದಿ, ನೇರ ಪಾಕಕ್ಕೇ ಇಳಿಸಿ, ಗೋಲಿಯಷ್ಟು ಎತ್ತಿಕೊಂಡು, ಅವಸರವೇ ಇಲ್ಲದೆ ಉರುಟುತ್ತಾ "ಇಳಿಸ್ಲಾ" ಅಂತ ಕೆಲಸದವರಿಗೆ ಅಪ್ಪಣೆ ಕೊಡುತ್ತಿದ್ದರು. ಒಂದು ಗಳಿಗೆ ಮುಂಚೆ ಇಳಿಸಿದರೆ ಬೆಲ್ಲ ಅಂಟಂಟು, ಒಂದು ಗಳಿಗೆ ತಡವಾದರೆ ಸೀದು ಕಪ್ಪು. ಅವರು ಹೇಳಿದಾಗ ಇಳಿಸಿದರೆ ಅಚ್ಚಿನಿಂದ ಬೀಳುವ ಬೆಲ್ಲ ನೋಡುವುದಕ್ಕೇ ಒಂದು ಚೆಂದ.

ಜನ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಮದ್ದೂರಿಂದ ಹುಡುಗರು ಬೈಕಲ್ಲಿ ಬಂದು ಮೊಬೈಲಲ್ಲಿ ವಿಡಿಯೋ ಮಾಡಿಕೊಂಡು ಹೋಗಿದ್ದೂ ಉಂಟು. ಆಲೆಮನೆ ಯಜಮಾನ ರಾಮಲಿಂಗಯ್ಯನವರಂತೂ ಬಂದ ಗಿರಾಕಿಗಳಿಗೆ ಬೆಲ್ಲ ಆಮೇಲೆ, ಮೊದಲು ಆ ಕೈ ತೋರಿಸುತ್ತಿದ್ದರು. ಆದರೆ ಆ ಕೈಗೆ ಈ ಹೆಸರು ಬಂದಿದ್ದು ಈಚೆಗೆ. ಅದಕ್ಕೂ ಮುಂಚೆ ಅವರೂ ಎಲ್ಲರ ಹಾಗೆ ಕೋಲು ಹಿಡಿದೇ ಪಾಕ ನೋಡುತ್ತಿದ್ದವರು. ವಯಸ್ಸಾದ ಮೇಲೆ ಮನುಷ್ಯನಿಗೆ ಬೆಂಕಿಯ ಭಯ ಹೆಚ್ಚಾಗಬೇಕು, ಇವರಿಗೆ ಯಾಕೆ ಕಡಿಮೆಯಾಯಿತು ಅಂತ ಊರಲ್ಲಿ ಒಂದು ನರಪಿಳ್ಳೆಯೂ ಕೇಳಲಿಲ್ಲ.

ನಾನು ವೀಣ, ಈ ಊರಿನ ಆಶಾ ಕಾರ್ಯಕರ್ತೆ. ನನ್ನ ಬಾಯಿ ಸರಿಯಿಲ್ಲ ಅಂತ ಊರಲ್ಲಿ ಹೆಸರಿದೆ. ಇರಲಿ. ಬಸುರಿಯರನ್ನು ಆಸ್ಪತ್ರೆಗೆ ಹೊರಡಿಸಬೇಕಾದರೆ, ಅಡ್ಡ ನಿಲ್ಲುವ ಅತ್ತೆಯರನ್ನು ಸುಮ್ಮನಾಗಿಸಬೇಕಾದರೆ ಸರಿಯಿಲ್ಲದ ಬಾಯೇ ಬೇಕು. ಮರಿಸಿದ್ದಯ್ಯ ನನ್ನ ಗಂಡನ ಕಡೆಯಿಂದ ವರಸೆಯಲ್ಲಿ ಮಾವ ಆಗಬೇಕು. ನಾನು ಕರೆಯುವುದು ಸಿದ್ದಯ್ಯಮಾವ ಅಂತ. ಅವರ ವಿಷಯ ಹೇಳು ಅಂತ ಅವರೇ ಅಂದಿದ್ದಕ್ಕೆ ಹೇಳುತ್ತಿದ್ದೇನೆ. ಇಲ್ಲದಿದ್ದರೆ ಒಬ್ಬರ ಕಾಯಿಲೆಯನ್ನು ಇನ್ನೊಬ್ಬರ ಕಿವಿಗೆ ಹಾಕುವವಳಲ್ಲ ನಾನು.

ಮಾವ ಹುಟ್ಟಿದ್ದು ಮಳವಳ್ಳಿ ಕಡೆ, ಬ್ಲಫ್‌ ಜಲಪಾತಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಅವರ ಚಿಕ್ಕಪ್ಪನಿಗೆ ದೊಡ್ಡ ಕಾಯಿಲೆ ಬಂದಿತ್ತಂತೆ. ಕುಷ್ಠ ಅನ್ನುವ ಮಾತನ್ನು ಆಗ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಗದ್ದೆಯಾಚೆ ಒಂದು ಗುಡಿಸಲು ಹಾಕಿಕೊಟ್ಟು, ಊಟವನ್ನು ಚಪ್ಪಡಿ ಕಲ್ಲಿನ ಮೇಲಿಟ್ಟು ಬರುತ್ತಿದ್ದರು. ಇಟ್ಟು ಬರುವ ಕೆಲಸ ಮಾವನದು. ಚಿಕ್ಕಪ್ಪ ದೂರದಲ್ಲೇ ನಿಂತು, ಎಮ್ಮೆ ಈಯಿತಾ, ಅಣ್ಣ ಹೇಗಿದ್ದಾನೆ ಅಂತ ಕೇಳುವರಂತೆ. ಇವರು ಬದಲು ಹೇಳದೆ ಓಡಿಬರುವರಂತೆ. ಒಂದು ದಿನ ಕಲ್ಲಿನ ಮೇಲೆ ಹಿಂದಿನ ದಿನದ ಮುದ್ದೆ ಹಾಗೇ ಇತ್ತು. ಅಲ್ಲಿಗೆ ಮುಗಿಯಿತು. ಈ ಕಥೆಯನ್ನು ಮಾವ ಬದುಕಿನಲ್ಲಿ ಯಾರಿಗೂ ಹೇಳಿರಲಿಲ್ಲ, ಸತ್ತುಹೋದ ಹೆಂಡತಿಗೂ ಹೇಳಿರಲಿಲ್ಲ.

ಕೆಲಸ ಹುಡುಕಿಕೊಂಡು ಕೊಪ್ಪಕ್ಕೆ ಬಂದವರು ರಾಮಲಿಂಗಯ್ಯನವರ ತಂದೆಯ ಕಾಲದಿಂದಲೂ ಅದೇ ಆಲೆಮನೆಯಲ್ಲಿ ಇದ್ದರು. ಮೊದಲು ಒಲೆಗೆ ಸಿಪ್ಪೆ ತಳ್ಳುವುದು, ಆಮೇಲೆ ಕೊಪ್ಪರಿಗೆ, ಆಮೇಲೆ ಪಾಕ. ಮನೆಯೂ ಆಲೆಮನೆಗೆ ಕೂಗಳತೆಯಲ್ಲೇ. ಮಗಳು ಅಮೃತ ಮದ್ದೂರಿನ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅಳಿಯ ಲಾರಿ ಡ್ರೈವರ್, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಹಾಗಾಗಿ ಅಮೃತ, ಅವಳ ಮಗಳು ಗಗನ, ಇಬ್ಬರೂ ಮಾವನ ಜೊತೆಗೇ. ಗಗನ ಹುಟ್ಟಿದಾಗಿನಿಂದ ಮಲಗಿದ್ದು ತಾತನ ಪಕ್ಕದಲ್ಲೇ.

ರಾಮಲಿಂಗಯ್ಯನವರ ಆಲೆಮನೆಯಲ್ಲಿ ಒಂದು ಪದ್ಧತಿ ಇತ್ತು. ದಿನದ ಮೊದಲ ಕೊಪ್ಪರಿಗೆಯ ಹದ ನೋಡಲು ಕಟ್ಟಿದ ಉಂಡೆಯನ್ನು ಎಸೆಯುವಂತಿಲ್ಲ, ದೊಡ್ಡವರು ತಿನ್ನುವಂತಿಲ್ಲ. ಅದು ಮಕ್ಕಳ ಪಾಲು. ಸ್ಕೂಲಿಗೆ ಹೊರಟ ಗಗನ ದಾರಿಯಲ್ಲಿ ಆಲೆಮನೆಗೆ ನುಗ್ಗಿ ಬಾಯಿ ತೆರೆದು ನಿಲ್ಲುವಳು. ಮಾವ ಆ ಉಂಡೆಯನ್ನು ಅಂಗೈಯಲ್ಲಿ ಆಡಿಸಿ, ಆರಿದೆ ಅಂತ ಗೊತ್ತಾದ ಮೇಲೆ ಬಾಯಿಗೆ ಹಾಕುವರು.

ಒಂದು ಬೆಳಗ್ಗೆ ಹಾಗೇ "ಆರೈತೆ ತಿನ್ನವ್ವ" ಅಂತ ಹಾಕಿದರು. ಮಗು ಕಿರುಚಿಕೊಂಡು ಉಗಿದಳು. ನಾಲಿಗೆ ಬೆಂದು ಬೊಬ್ಬೆ ಎದ್ದಿತು. ಆಲೆಮನೆಯವರೆಲ್ಲ ನಕ್ಕರು; ತಾತನ ಕೈಗೆ ತಣ್ಣಗಿದ್ದಿದ್ದು ಮೊಮ್ಮಗಳ ಬಾಯಿಗೆ ಬೆಂಕಿಯಾಯಿತು, ಇದಲ್ಲವಾ ಕೈ ಅಂದರೆ ಅಂತ ಇನ್ನಷ್ಟು ಹೊಗಳಿದರು. ಮಾವ ನಗಲಿಲ್ಲ. ಅಂಗೈಯನ್ನು ತಿರುಗಿಸಿ ನೋಡಿಕೊಂಡರಂತೆ. ಅಲ್ಲಿ ಸುಟ್ಟ ಗುರುತಿತ್ತು, ಉರಿ ಇರಲಿಲ್ಲ. ಕಿರುಬೆರಳು ಒಂದಿಷ್ಟು ಒಳಕ್ಕೆ ಬಾಗಿತ್ತು. ಅದನ್ನು ಅವರು ಸೌಟು ಹಿಡಿದೂ ಹಿಡಿದೂ ಹಾಗಾಗಿದೆ ಅಂದುಕೊಂಡಿದ್ದರು. ಚಿಕ್ಕಪ್ಪನ ಬೆರಳು ಮೊದಲು ಬಾಗಿದ್ದೂ ಹಾಗೇ ಅಂತ ಅವತ್ತು ನೆನಪಾಯಿತು.

ಗೊತ್ತಾದ ಮೇಲೂ ಬಾಯಿಬಿಡಲಿಲ್ಲ. ಬಿಟ್ಟರೆ ಏನಾಗುತ್ತದೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕುಷ್ಠ ಬಂದವನು ಕೈ ಹಾಕಿದ ಬೆಲ್ಲವನ್ನು ಯಾರು ಕೊಳ್ಳುತ್ತಾರೆ? ಆಲೆಮನೆ ಹೋಗುತ್ತದೆ, ಆಮೇಲೆ ಮೊಮ್ಮಗಳು ಹೋಗುತ್ತಾಳೆ, ಆಮೇಲೆ ಚಪ್ಪಡಿ ಕಲ್ಲು. ಕೋಲು ಹಿಡಿದು ಪಾಕ ನೋಡೋಣವೆಂದರೆ ಅದೂ ಸಾಧ್ಯವಿಲ್ಲ. ಯಾಕೆ, ಕೈಗೇನಾಯಿತು ಅಂತ ಜನ ಕೇಳುತ್ತಾರೆ. ಹಾಗಾಗಿ ಕೈ ಹಾಳಾಗುತ್ತಿದೆ ಅಂತ ಗೊತ್ತಿದ್ದೂ ದಿನಾ ಅದೇ ಕೈಯನ್ನು ಕುದಿಯುವ ಪಾಕಕ್ಕೆ ಹಾಕಬೇಕಾಯಿತು. ಹೊಗಳಿಕೆಯೇ ಅವರನ್ನು ಕಟ್ಟಿಹಾಕಿತ್ತು.

ವರ್ಷಕ್ಕೊಮ್ಮೆ ಕುಷ್ಠ ಪತ್ತೆಗೆ ಮನೆಮನೆಗೆ ಹೋಗುತ್ತೇವೆ. ಹೆಂಗಸರನ್ನು ನಾನು ನೋಡುತ್ತೇನೆ, ಗಂಡಸರನ್ನು ಜೊತೆಗೆ ಬರುವ ಚಿಕ್ಕಮಾದು ನೋಡುತ್ತಾನೆ. ಅಂಗಿ ಬಿಚ್ಚಿಸಿ ಮೈಮೇಲೆ ಮಚ್ಚೆ ಇದೆಯಾ ನೋಡಬೇಕು, ಕಣ್ಣು ಮುಚ್ಚಿಸಿ ಪೆನ್ನಿನ ತುದಿ ಮುಟ್ಟಿಸಿ, ಎಲ್ಲಿ ಮುಟ್ಟಿದೆ ಅಂತ ಕೇಳಬೇಕು. ಚಿಕ್ಕಮಾದು ಮಾವನ ಹತ್ತಿರ ಹೋದಾಗ ಅಂಗಿಯನ್ನೂ ಬಿಚ್ಚಿಸಲಿಲ್ಲ. ನಿಮ್ಮ ಕೈ ನೋಡೋಕೆ ಮದ್ದೂರಿಂದ ಜನ ಬರುತ್ತಾರೆ, ನಾನೇನು ನೋಡಲಿ ಅಂತ ನಕ್ಕು, ಒಂದಚ್ಚು ಬೆಲ್ಲ ತಿಂದು ಬಂದ. ಆಮೇಲೆ ವಿಷಯ ಗೊತ್ತಾದಾಗ ಅವನಿಗೆ ನಾನು ಬೈದಿದ್ದನ್ನು ಬರೆಯುವ ಹಾಗಿಲ್ಲ.

ಹೀಗಿರುವಾಗ ಡಾಕ್ಟರ್ ಚೈತನ್ಯಾ ಅವರ ತಂಡ ಬಂತು. ನಮ್ಮೂರಿನ ಚಿಕ್ಕಬೋರಮ್ಮನಿಗೆ ಹಿಂದೊಮ್ಮೆ ಈ ಕಾಯಿಲೆ ಬಂದು, ಮಾತ್ರೆ ತಿಂದು ಪೂರ್ತಿ ವಾಸಿಯಾಗಿತ್ತು. ಅಂಥ ಊರುಗಳಲ್ಲಿ ಒಂದು ಹೊಸ ರಕ್ತ ಪರೀಕ್ಷೆಯನ್ನು ಪ್ರಯೋಗ ಮಾಡಿ ನೋಡುವುದು ಅವರ ಕೆಲಸ. ಮನೆಯವರ ಒಪ್ಪಿಗೆ ಪಡೆದು ಸ್ಕೂಲಿನಲ್ಲಿ ಮಕ್ಕಳ ಬೆರಳ ತುದಿಯಿಂದ ಒಂದು ತೊಟ್ಟು ರಕ್ತ ತೆಗೆದುಕೊಂಡರು. ಅಳುವ ಮಕ್ಕಳನ್ನು ಸುಮ್ಮನಿರಿಸಲು ಡಾಕ್ಟರು ಮೊಬೈಲಲ್ಲಿ ಒಂದು ಪ್ರಾಣಿಯ ಚಿತ್ರ ತೋರಿಸಿದರು. ಅಮೆರಿಕದ ಕಡೆಯ ಆರ್ಮಡಿಲೊ. ಬೆನ್ನ ಮೇಲೆ ಚಿಪ್ಪು, ಹಂದಿ ಮೂತಿ, ಇಲಿ ಬಾಲ.

ಅವತ್ತು ಸಂಜೆ ಮಾವನಿಗೆ ಬಿಪಿ ಮಾತ್ರೆ ಕೊಡಲು ಹೋಗಿದ್ದೆ. ಗಗನ ಜಗಲಿಯ ಮೇಲೆ ಕೂತು ತಾತನಿಗೆ ಆ ಪ್ರಾಣಿಯ ವಿಷಯವನ್ನು ಒಂದೇ ಉಸಿರಿಗೆ ಹೇಳುತ್ತಿದ್ದಳು. ಮನುಷ್ಯರಿಗೆ ಬರುವ ಈ ಕಾಯಿಲೆ ಅದಕ್ಕೂ ಬರುತ್ತದಂತೆ. ಅದನ್ನು ಬೋನಿನಲ್ಲಿಟ್ಟು, ಕಾಯಿಲೆಯ ಹುಳ ಮೈಗೆ ಬಿಟ್ಟು, ಆಗಾಗ ರಕ್ತ ತೆಗೆದು ನೋಡಿದರಂತೆ. ಮೈಮೇಲೆ ಏನೂ ಕಾಣುವ ಮುಂಚೆಯೇ, ಎಷ್ಟೋ ತಿಂಗಳು ಮುಂಚೆಯೇ ಅದರ ರಕ್ತದಲ್ಲಿ ಗೊತ್ತಾಗಿಬಿಡುತ್ತಿತ್ತಂತೆ. ಹುಳದ ಮೇಲೆ ಜಗಳಕ್ಕೆ ಮೈ ಒಳಗೊಳಗೇ ತಯಾರಾಗಿರುತ್ತದಂತೆ. ಅದನ್ನು ನೋಡಿಕೊಂಡು ನಮಗೂ ಪರೀಕ್ಷೆ ಮಾಡಿದ್ದಾರೆ ಅಂತ ಹತ್ತಿ ಸುತ್ತಿದ ಬೆರಳು ತೋರಿಸಿದಳು.

ಮಾವ ಬಲಗೈಯನ್ನು ಟವಲಿನ ಕೆಳಗೆ ಎಳೆದುಕೊಂಡು ಕೇಳಿದ್ದು ಒಂದೇ ಮಾತು. "ಆಮ್ಯಾಕೆ ಅದನ್ನ ಬುಟ್ಬುಟ್ರಾ?"

ಗಗನಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಪ್ರಾಣಿಯ ಮೇಲೆ ಇವರಿಗೇನು ಇಷ್ಟು ಕಾಳಜಿ ಅಂತ ಅಂದುಕೊಂಡು ಎದ್ದು ಬಂದೆ.

ಕೆಲವು ವಾರಗಳಾದ ಮೇಲೆ ಡಾಕ್ಟರು ನನಗೆ ಫೋನ್ ಮಾಡಿದರು. ಇಬ್ಬರೂ ಅಮೃತಳ ಮನೆಗೆ ಹೋದೆವು. ಗಗನಳ ರಕ್ತ ಹೇಳಿಬಿಟ್ಟಿತ್ತು. ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು: ಇದು ಕಾಯಿಲೆ ಬಂದಿದೆ ಅಂತ ಅಲ್ಲ. ಮಗುವಿನ ಮೈಗೆ ಆ ರೋಗಾಣುವಿನ ಪರಿಚಯವಾಗಿದೆ ಅಂತ. ಮುಂದೆ ಬರಬಹುದು, ಬರದೆಯೂ ಇರಬಹುದು. ತಡೆಯಲು ಮಾತ್ರೆ ಇದೆ. ಆದರೆ ಸಣ್ಣ ಮಗುವಿನ ರಕ್ತದಲ್ಲಿ ಇಷ್ಟು ಕಾಣಬೇಕಾದರೆ ಚಿಕಿತ್ಸೆ ಆಗದ ರೋಗಿಯೊಬ್ಬರು ಅವಳ ಹತ್ತಿರದಲ್ಲೇ ಇರಬಹುದು. ಅವರು ಸಿಗದಿದ್ದರೆ ಮಗು ದಿನಾ ಅದೇ ಗಾಳಿ ಕುಡಿಯುತ್ತಿರುತ್ತದೆ, ಬರಿಯ ಮಾತ್ರೆಯನ್ನು ನಂಬಿಕೊಂಡು ಕೂರುವಂತಿಲ್ಲ.

ಅಮೃತಳನ್ನು ಪರೀಕ್ಷೆ ಮಾಡಿದೆವು, ಏನೂ ಇರಲಿಲ್ಲ. ಅಳಿಯನನ್ನು ನಿಡಘಟ್ಟದ ಹತ್ತಿರ ಲಾರಿ ನಿಲ್ಲಿಸಿಕೊಂಡಿದ್ದಾಗ ಹಿಡಿದು ನೋಡಿದೆವು, ಅವನಿಗೂ ಇಲ್ಲ. ಮಾವನಿಗೆ ಹೇಳಿಕಳಿಸಿದರೆ, ಒಲೆ ಉರಿಯುತ್ತಿದೆ ಬರೋಕಾಗಲ್ಲ ಅಂದರು. ಮಾರನೆ ದಿನ, ಯಜಮಾನರು ಮಂಡ್ಯದ ಮಾರ್ಕೆಟ್ಟಿಗೆ ಲೋಡು ಕಳಿಸುತ್ತಿದ್ದಾರೆ ಅಂದರು. ಅದರ ಮಾರನೆ ದಿನ ಮನೆಯಲ್ಲೇ ಇರಲಿಲ್ಲ.

ಅಷ್ಟರಲ್ಲಿ ಅಮೃತಳ ಅನುಮಾನ ಬೇರೆ ಕಡೆ ಹೋಯಿತು. ಪಕ್ಕದ ಮನೆಯ ಜಗಲಿಯಲ್ಲಿ ಚಿಕ್ಕಬೋರಮ್ಮನ ಜೊತೆ ಗಗನ ದಿನಾ ಚೌಕಾಬಾರ ಆಡುತ್ತಿದ್ದಳಲ್ಲ, ಇನ್ನೇನು ಬೇಕು? ಬೀದಿ ತುಂಬ ಕೇಳುವ ಹಾಗೆ ಆ ಮುದುಕಿಯ ಮೇಲೆ ಹಾರಾಡಿದಳು. ಚಿಕ್ಕಬೋರಮ್ಮನಿಗೆ ವಾಸಿಯಾಗಿ ಎಷ್ಟೋ ಕಾಲವಾಗಿದೆ, ಅವಳಿಂದ ಯಾರಿಗೂ ಏನೂ ಬರುವುದಿಲ್ಲ ಅಂತ ನಾನು ಗಂಟಲು ಹರಿದುಕೊಂಡೆ. ಯಾರು ಕೇಳಬೇಕು? ಹಾಲಿನ ಡೈರಿಯಲ್ಲಿ ಅವಳ ಕ್ಯಾನನ್ನು ದೂರ ಇಡು ಅಂದರು. ನಲ್ಲಿ ಹತ್ತಿರ ಎಲ್ಲರೂ ಹಿಡಿದಾದ ಮೇಲೆ ಬಾ ಅಂದರು. ಶನಿವಾರ ಪ್ರಸಾದ ಹಂಚುತ್ತಾ ಬಂದ ಹೆಂಗಸು ಚಿಕ್ಕಬೋರಮ್ಮ ಚಾಚಿದ ಕೈಗೆ ಹಾಕದೆ, ಬಾಗಿಲ ಮುಂದಿನ ಚಪ್ಪಡಿಯ ಮೇಲೆ ಎಲೆಯಲ್ಲಿಟ್ಟು ಹೋದಳು.

ಮಾವ ಜಗಲಿಯಲ್ಲಿ ಕೂತು ಅದನ್ನು ನೋಡಿದರು. ಮುದುಕಿ ಬಹಳ ಹೊತ್ತು ಆ ಎಲೆಯನ್ನು ಎತ್ತಿಕೊಳ್ಳಲಿಲ್ಲವಂತೆ. ಇವರಿಗೆ ಅಲ್ಲಿಂದ ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಬಾಯಿಬಿಟ್ಟರೆ ತಾನು ಗುಡಿಸಲಿಗೆ, ಮುಚ್ಚಿದರೆ ಆ ಮುದುಕಿ ಗುಡಿಸಲಿಗೆ, ಹೇಗಾದರೂ ಮಗು ಮಾತ್ರ ತನ್ನ ಪಕ್ಕದಲ್ಲೇ ಮಲಗುತ್ತಿದ್ದಾಳೆ. ಆ ರಾತ್ರಿಯಿಂದ ಅವರು ಹಾಸಿಗೆಯನ್ನು ಹೊರಗೆ ಹಾಕಿಕೊಂಡರು. ಸೆಕೆ ಅಂದರಂತೆ. ಗಗನ ಚಾಪೆ ಎಳೆದುಕೊಂಡು ಅಲ್ಲಿಗೂ ಹೋದಳು.

ಸೋಮವಾರ ಬೆಳಗ್ಗೆ ನಾನು ಡಾಕ್ಟರನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ನೇರ ಆಲೆಮನೆಗೇ ಹೋದೆ. ಇವತ್ತು ಬರದಿದ್ದರೆ ಕೈಹಿಡಿದು ಎಳೆದುಕೊಂಡು ಬರುವುದು ಅಂತ ತೀರ್ಮಾನ ಮಾಡಿದ್ದೆ. ಪಾಕ ಹದಕ್ಕೆ ಬರುತ್ತಿತ್ತು. ರಾಮಲಿಂಗಯ್ಯ ಕುರ್ಚಿಯಲ್ಲಿ ಕೂತಿದ್ದರು, ಕೆಲಸದವರು ಅಚ್ಚುಗಳನ್ನು ಜೋಡಿಸುತ್ತಿದ್ದರು. ಮಾವ ನಮ್ಮನ್ನು ನೋಡಿಯೂ ನೋಡದವರ ಹಾಗೆ ಬೆರಳು ಅದ್ದಿ, ಪಾಕ ಎತ್ತಿ, ಉರುಟಿ, ಇಳಿಸಲು ಹೇಳಿದರು. ಇಳಿಸಿದ ಮೇಲೆ ಡಾಕ್ಟರ ಕಡೆ ತಿರುಗಿದರು.

"ತಾಯಿ, ಆ ಚಿಪ್ಪಿನ ಪ್ರಾಣಿ. ಅದನ್ನ ಆಮ್ಯಾಕೆ ಬುಟ್ಬುಟ್ರಾ?"

ಡಾಕ್ಟರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ, ಇಲ್ಲ ಅಜ್ಜ, ಬಿಡಲಿಲ್ಲ ಅಂದರು. ಕಾಯಿಲೆ ನರಗಳನ್ನು ಹೇಗೆ ತಿನ್ನುತ್ತದೆ ಅಂತ ನೋಡಬೇಕಿತ್ತು, ಅದಕ್ಕೆ ಅವುಗಳನ್ನು ಸಾಯಿಸಬೇಕಾಯಿತು ಅಂದರು. ಮುಚ್ಚಿಡದೆ ಹೇಳಿದ್ದಕ್ಕೆ ಅವರ ಮೇಲೆ ನನಗೆ ಅವತ್ತು ಗೌರವ ಬಂತು.

ಮಾವ ಉಂಡೆಯನ್ನು ಕೆಳಗಿಟ್ಟರು.

"ಬೋನಲ್ಲಿದ್ದ ಮೂಗಪ್ರಾಣಿ, ಅದೇ ಹೇಳ್ಬುಡ್ತು. ಬಾಯಿರೋನು ನಾನು, ಮುಚ್ಕಂಡು ಕೂತಿವ್ನಿ." ಬಲಗೈಯನ್ನು ಮುಂದೆ ಚಾಚಿದರು. "ಈ ಕೈ ಸತ್ತೋಗೈತೆ ಕಣವ್ವ. ಚುಚ್ಚಿ ನೋಡು. ಆ ಮುದುಕಿದೇನೂ ಇಲ್ಲ, ಮಗೀಗೆ ಕೊಟ್ಟೋನು ನಾನೇಯ."

ಡಾಕ್ಟರು ಅವರನ್ನು ಒಳಗೆ ಕರೆದುಕೊಂಡು ಹೋಗೋಣ ಅಂದರು. ಅವರು ಬರಲಿಲ್ಲ, ಎಲ್ಲರೂ ನೋಡಲಿ ಅಂದರು. ಕಣ್ಣು ಮುಚ್ಚಿದರು. ಡಾಕ್ಟರು ಪೆನ್ನಿನ ತುದಿಯನ್ನು ಕಿರುಬೆರಳಿಗೆ ಮುಟ್ಟಿಸಿದರು, ಉಂಗುರದ ಬೆರಳಿಗೆ ಮುಟ್ಟಿಸಿದರು, ಅಂಗೈಗೆ ಮುಟ್ಟಿಸಿದರು. ಮಾವ ಕಣ್ಣು ಮುಚ್ಚಿಕೊಂಡೇ, ಇನ್ನೂ ಶುರು ಮಾಡಿಲ್ಲವಾ ಅಂತ ಕೇಳಿದರು. ನಾನು ಅಲ್ಲಿಂದ ಸರಿದು ಕಬ್ಬಿನ ರಾಶಿಯ ಹಿಂದೆ ಹೋಗಿ ಅತ್ತೆ.

ಅಂಗಿಯ ಕೆಳಗೆ ಬೆನ್ನಲ್ಲೂ ಮಸುಕಾದ ಮಚ್ಚೆಗಳಿದ್ದವು. ಮೊಣಕೈ ಹತ್ತಿರದ ನರ ದಪ್ಪಗಾಗಿತ್ತು. ಮಾತ್ರೆ ಅವತ್ತೇ ಶುರುವಾಯಿತು. ಒಂದು ವರ್ಷ ತಿನ್ನಬೇಕು. ಶುರು ಮಾಡಿದ ಸ್ವಲ್ಪ ದಿನಕ್ಕೇ ಇನ್ನೊಬ್ಬರಿಗೆ ಅಂಟುವುದು ನಿಂತುಹೋಗುತ್ತದೆ, ಬೆಲ್ಲದಿಂದ ಯಾವತ್ತೂ ಅಂಟುವುದೇ ಇಲ್ಲ, ಉಂಡೆಯಿಂದ ಮಗುವಿಗೆ ಬಂದಿದ್ದಲ್ಲ, ವರ್ಷಗಟ್ಟಲೆ ಪಕ್ಕದಲ್ಲಿದ್ದ ಉಸಿರಿನಿಂದ ಬಂದಿರಬಹುದು ಅಂತ ಡಾಕ್ಟರು ರಾಮಲಿಂಗಯ್ಯನವರಿಗೂ ಕೆಲಸದವರಿಗೂ ಬಿಡಿಸಿ ಹೇಳಿದರು. ರಾಮಲಿಂಗಯ್ಯ ಪೂರ್ತಿ ಕೇಳಿಸಿಕೊಂಡರು. ಕೆಟ್ಟವರಲ್ಲ ಅವರು.

"ನಂಗೆ ಅರ್ಥ ಆಯ್ತದೆ ಡಾಕ್ಟ್ರೇ. ಮಾರ್ಕೆಟ್ಟಿಗೆ ಅರ್ಥ ಮಾಡ್ಸೋರು ಯಾರು?" ಅಂದರು. ಆಮೇಲೆ ಮಾವನ ಕಡೆ ನೋಡದೆ, "ಮಾತ್ರೆ ಮುಗೀಲಿ, ಆಮ್ಯಾಕೆ ನೋಡವ ಬುಡು ಸಿದ್ದಯ್ಯ" ಅಂದರು.

ಆಮೇಲೆ ನೋಡೋಣ ಅಂದರೆ ಏನು ಅಂತ ಮಾವನಿಗೂ ಗೊತ್ತು, ನನಗೂ ಗೊತ್ತು. ನಾನು ಯಜಮಾನರ ಜೊತೆ ಜಗಳಕ್ಕೆ ನಿಂತೆ. ಇಷ್ಟು ದಿನ ಆ ಕೈಯನ್ನು ಗಿರಾಕಿಗಳಿಗೆ ತೋರಿಸಿದಿರಲ್ಲ, ಈಗ ಅದು ನಿಮ್ಮ ಕಣ್ಣಿಗೆ ಬೇಡವಾಯಿತಾ ಅಂದೆ. ಅವರು ತಲೆ ತಗ್ಗಿಸಿದರು, ಮಾತು ಬದಲಿಸಲಿಲ್ಲ. ಮಾವ ನೀರಿನ ಚೆಂಬನ್ನು ಅದರ ಜಾಗದಲ್ಲಿಟ್ಟು, ಟವಲು ಹೆಗಲಿಗೆ ಹಾಕಿಕೊಂಡು ಹೊರಟರು. ಮನೆಗೆ ಹೋಗಲಿಲ್ಲ. ಚಿಕ್ಕಬೋರಮ್ಮನ ಜಗಲಿಯ ಮೇಲೆ ಹೋಗಿ ಕೂತರು. ಏನು ಮಾತಾಡಿದರೋ ಗೊತ್ತಿಲ್ಲ. ಮಧ್ಯಾಹ್ನ ಅಮೃತ ಗಾರ್ಮೆಂಟ್ಸಿಂದ ರಜೆ ಹಾಕಿ ಓಡಿಬಂದಾಗ ಇಬ್ಬರೂ ಮುದುಕಿಯ ಮನೆಯ ಲೋಟಗಳಲ್ಲೇ ಟೀ ಕುಡಿಯುತ್ತಿದ್ದರು. ಅಮೃತ ಮೊದಲು ಮುದುಕಿಯ ಕಾಲು ಮುಟ್ಟಿದಳು.

ಗಗನಳಿಗೆ ತಡೆಯುವ ಮಾತ್ರೆ ಕೊಟ್ಟಿದ್ದೇವೆ. ಆಗಾಗ ಮೈಯೆಲ್ಲ ಪರೀಕ್ಷೆ ಮಾಡುತ್ತೇನೆ, ಇವತ್ತಿನವರೆಗೆ ಏನೂ ಇಲ್ಲ. ಮಾವನನ್ನು ತಿಂಗಳಿಗೊಮ್ಮೆ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಬೆರಳು ಇನ್ನಷ್ಟು ಬಾಗದಂತೆ ಪಟ್ಟಿ ಕೊಟ್ಟಿದ್ದಾರೆ. ಆದರೆ ಹೋದ ಸ್ಪರ್ಶ ವಾಪಸ್ಸು ಬರುವುದು ಕಷ್ಟ, ಇನ್ನೂ ಮುಂಚೆ ಬರಬೇಕಿತ್ತು ಅಂದರು. ಮಾವ ಈಗ ದಿನಪೂರ್ತಿ ಜಗಲಿಯಲ್ಲಿ. ಆಲೆಮನೆಯ ಹೊಗೆ ಕಾಣುತ್ತದೆ, ವಾಸನೆಯೂ ಬರುತ್ತದೆ, ಹೋಗುವಂತಿಲ್ಲ. ಜನ ರಸ್ತೆಯಿಂದಲೇ ಹೇಗಿದ್ದೀರಿ ಅಂತ ಕೇಳಿ ಹೋಗುತ್ತಾರೆ, ಮೆಟ್ಟಿಲು ಹತ್ತುವುದಿಲ್ಲ. ಮೂಗಿಗೆ ಪಾಕದ ಹದ ಗೊತ್ತಾದಾಗ ಅವರು ಯಾರಿಗೂ ಕೇಳದಷ್ಟು ಮೆಲ್ಲಗೆ "ಇಳಿಸ್ಲಾ" ಅನ್ನುತ್ತಾರೆ. ಅಲ್ಲಿ ಹೊಸಬ ಕೋಲು ಹಿಡಿದು ಇನ್ನೂ ನೀರಿಗೆ ಬಿಡುತ್ತಿರುತ್ತಾನೆ.

ಮೊನ್ನೆ ಬೆಳಗ್ಗೆ ಮಾತ್ರೆ ನುಂಗಿಸಲು ಹೋಗಿದ್ದೆ. ಗಗನ ಯೂನಿಫಾರಂ ಹಾಕಿಕೊಂಡು ಆಲೆಮನೆ ಕಡೆಯಿಂದ ಓಡಿಬಂದಳು. ಬಾಳೆ ಎಲೆಯ ಚೂರಿನ ಮೇಲೆ ಮೊದಲ ಕೊಪ್ಪರಿಗೆಯ ಉಂಡೆ. ಮಕ್ಕಳ ಪಾಲನ್ನು ತಿನ್ನದೆ ತಂದಿದ್ದಳು. ಮಾವನ ಮುಖ ಅರಳಿತು, ಅಭ್ಯಾಸಬಲದಲ್ಲಿ ಬಲಗೈ ಚಾಚಿದರು. ಅವಳು ಎಲೆಯನ್ನು ಹಿಂದಕ್ಕೆ ಎಳೆದುಕೊಂಡಳು. ಕಿರುಬೆರಳಿನ ತುದಿಯಿಂದ ಉಂಡೆಯನ್ನು ಒಮ್ಮೆ ಮುಟ್ಟಿ ನೋಡಿದಳು, ಬಾಯಿಂದ ಊದಿದಳು, ಮತ್ತೆ ಮುಟ್ಟಿದಳು.

"ತಡಿ ತಾತ, ಇನ್ನೂ ಸುಡ್ತದೆ."

ಮಾವ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ತೆರೆದು, ಅವಳು ಹೇಳುವವರೆಗೂ ಕಾದರು.